ಸತ್ತವರನ್ನು ಗೌರವಿಸಿದ ಅಧಿಕಾರಿ: ಮೆಡೋಸ್ ಟೇಲರ್ ಸಾಹೇಬರ ಚರಿತ್ರೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವೆ ಇರುವ ನಮ್ಮ ಸೀಮೆಯಲ್ಲಿ ಬಹು ಪುರಾತನವಾದ ಕಲ್ಲಿನ ಗೋರಿಗಳುಂಟು. ಮಸ್ಕಿಯಲ್ಲಿ ಅವು ಮಣ್ಣಿನೊಳಗೆ ಸಿಕ್ಕಿವೆ. ಗಂಗಾವತಿಯ ಕಡೆಗೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ನಿಂತಿವೆ. ಕೃಷ್ಣೆಯ ಆಚೆ ಸುರಪುರ, ಶಹಾಪುರಗಳ ಹೊಲಗಳಲ್ಲಿಯೂ ಅವುಗಳನ್ನು ಕಾಣಬಹುದು. ಕೆಲವೆಡೆ ದೊಡ್ಡ ಗುಂಡುಗಳನ್ನು ಬಳೆಯ ಹಾಗೆ ದುಂಡಗೆ ಇಟ್ಟಿರುತ್ತದೆ. ಕೆಲವೆಡೆ ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿ ಸಣ್ಣ ಮನೆಯಂತೆ ಮಾಡಿರುತ್ತದೆ. ಜನರು ಇವುಗಳನ್ನು ಮೋರ್ಯರ ಮನೆಗಳೆಂದು ಕರೆದು, ಮೊಳದುದ್ದದ ಗಿಡ್ಡ ಜನರು ಇವುಗಳಲ್ಲಿ ವಾಸವಾಗಿದ್ದರೆಂದು ಕಥೆ ಹೇಳುವರು. ಒಬ್ಬನು ಇವುಗಳಿಗೆ ಹೆದರಿ ದೂರ ಹೋಗುವನು. ಇನ್ನೊಬ್ಬನು ಹೊನ್ನಿನ ಆಶೆಯಿಂದ ರಾತ್ರಿಯಲ್ಲಿ ಅಗೆಯುವನು. ಮತ್ತೊಬ್ಬನು ಚಪ್ಪಡಿಯನ್ನು ಕಿತ್ತು ತನ್ನ ಹಟ್ಟಿಯ ಗೋಡೆಗೆ ಹಾಕಿಕೊಳ್ಳುವನು. ಕ್ರಿಸ್ತನನ್ನು ನಂಬಿದ ನಮ್ಮವರಲ್ಲಿಯೂ ಕೆಲವರು, ಇವು ಸತ್ಯದೇವರನ್ನು ಅರಿಯದವರ ಗೋರಿಗಳಾದ್ದರಿಂದ ನಮಗೂ ಇವಕ್ಕೂ ಏನು ಸಂಬಂಧವೆಂದು ತಿಳಿದುಕೊಂಡಿದ್ದಾರೆ. ಈ ಎಣಿಕೆಯು ಸರಿಯೋ ಎಂದು ಆಲೋಚಿಸುವುದಕ್ಕೆ ಸಹಾಯವಾಗುವಂತೆ, ಈ ಗೋರಿಗಳ ಮುಂದೆ ಮೊಣಕಾಲೂರಿ ಕೂತು, ಅಳತೆಗೋಲು ಹಿಡಿದು, ಅವುಗಳ ನಕ್ಷೆಯನ್ನು ಬರೆದಿಟ್ಟ ಒಬ್ಬ ಇಂಗ್ಲಿಷ್ ಅಧಿಕಾರಿಯ ಜೀವನವನ್ನು ಇಲ್ಲಿ ತಿಳಿಸುತ್ತೇವೆ.

ಫಿಲಿಪ್ ಮೆಡೋಸ್ ಟೇಲರ್ ಎಂಬವರು 1808ನೇ ಇಸವಿ ಸೆಪ್ಟೆಂಬರ್ 25ರಲ್ಲಿ ಇಂಗ್ಲೆಂಡ್ ದೇಶದ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ವರ್ತಕರು, ಅವರ ವ್ಯಾಪಾರವು ಮುರಿದು ಬಿದ್ದುದರಿಂದ ಹುಡುಗನಿಗೆ ಹೆಚ್ಚು ಶಾಲೆಯ ಅಭ್ಯಾಸವು ದೊರೆಯಲಿಲ್ಲ. ಬೊಂಬಾಯಿಯ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಮುಂದೆ ಪಾಲುಗಾರಿಕೆ ದೊರೆಯುವದೆಂಬ ನಿರೀಕ್ಷೆಯಿಂದ, ಇನ್ನೂ ಹದಿನಾರು ತುಂಬದ ಆ ಹುಡುಗನನ್ನು 1824ರಲ್ಲಿ ಹಡಗಿನಲ್ಲಿ ಹಿಂದುಸ್ಥಾನಕ್ಕೆ ಕಳುಹಿಸಿದರು. ಇಲ್ಲಿಗೆ ಬಂದು ನೋಡಿದರೆ ಆ ಅಂಗಡಿಯೇ ಸಾಲದಲ್ಲಿ ಮುಳುಗಿತ್ತು. ಅನ್ಯದೇಶದಲ್ಲಿ ದಿಕ್ಕಿಲ್ಲದವನಾದ ಅವನಿಗೆ, ಬೊಂಬಾಯಿ ಸರಕಾರದಲ್ಲಿ ದೊಡ್ಡ ಉದ್ಯೋಗದಲ್ಲಿದ್ದ ಒಬ್ಬ ಬಂಧುವು ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಕೆಲಸವನ್ನು ಕೊಡಿಸಿದನು. ಹೀಗೆ ಟೇಲರ್ ಸಾಹೇಬರು ಕಂಪೆನಿ ಸರಕಾರದ ನೌಕರರಾಗದೆ ನಿಜಾಮರ ನೌಕರರಾದರು. ಇದರಿಂದ ಕಂಪೆನಿಯ ಅಧಿಕಾರಿಗಳಿಗೆ ಸಿಗುತ್ತಿದ್ದ ಮಾನವೂ ಏರಿಕೆಯೂ ಅವರಿಗೆ ಬಹುಕಾಲ ಸಿಗಲಿಲ್ಲ. ಆದರೆ ಅವರು ಅದಕ್ಕಾಗಿ ಗೊಣಗುತ್ತಾ ಕೂತಿರದೆ, ಜನರ ಭಾಷೆಗಳನ್ನು ಕಲಿತು, ದುಭಾಷಿಗಳ ಬಾಯಿಂದಲ್ಲ, ತಮ್ಮ ಕಿವಿಯಿಂದಲೇ ರೈತರ ಅಹವಾಲುಗಳನ್ನು ಕೇಳುವ ಯೋಗ್ಯತೆಯನ್ನು ಸಂಪಾದಿಸಿದರು.

ಇನ್ನೂ ಎಳೆಯ ವಯಸ್ಸಿನಲ್ಲಿಯೇ ಅವರಿಗೆ ಪೊಲೀಸ್ ಅಧಿಕಾರವು ದೊರಕಿತು. ಆ ದಿನಗಳಲ್ಲಿ ದಾರಿಗರೊಂದಿಗೆ ಸ್ನೇಹ ಬೆಳೆಸಿ, ಕೊರಳಿಗೆ ಬಟ್ಟೆ ಬಿಗಿದು ಕೊಂದು, ಗುರುತು ಸಿಗದಂತೆ ಹೂಳಿಬಿಡುವ ಠಗ್ಗರೆಂಬವರ ಭಯವು ದೇಶದಲ್ಲೆಲ್ಲಾ ಹಬ್ಬಿತ್ತು. ಈ ಕೊಲೆಗಾರರ ವಿಷಯವನ್ನು ತಿಳಿದುಕೊಂಡು ಟೇಲರ್ ಸಾಹೇಬರು ಬರೆದ ಕಥೆಯು 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಅವರ ಹೆಸರನ್ನು ಪ್ರಸಿದ್ಧಪಡಿಸಿತು. ಮರುವರುಷ ಟೀಪೂ ಸುಲ್ತಾನನ ವಿಷಯವಾದ ಕಥೆಯೂ ಹೊರಬಂತು. ಇದಕ್ಕೆ ಮುಂಚೆ 1832ರಲ್ಲಿ ಅವರು ಹೈದರಾಬಾದಿನ ವಿಲಿಯಂ ಪಾಮರ್ ಎಂಬ ಸಾಹುಕಾರರ ಮಗಳಾದ ಮೇರಿಯೆಂಬಾಕೆಯನ್ನು ಮದುವೆಯಾಗಿದ್ದರು. ಆ ಪಾಮರ್ ಎಂಬವರ ತಾಯಿಯು ಹಿಂದುಸ್ಥಾನದ ಮುಸಲ್ಮಾನ ಮನೆತನದವಳು. ಹೀಗೆ ಸಾಹೇಬರ ಮನೆಯಲ್ಲಿ ಎರಡು ದೇಶಗಳ ರಕ್ತವು ಕೂಡಿತ್ತು.

1841ರಲ್ಲಿ ಹೈದರಾಬಾದಿನ ರೆಸಿಡೆಂಟರಾಗಿದ್ದ ಫ್ರೇಸರ್ ಸಾಹೇಬರು ಟೇಲರರನ್ನು ಸುರಪುರ ಸಂಸ್ಥಾನಕ್ಕೆ ಕಳುಹಿಸಿದರು. ಅದು ನಾಯಕ ಮನೆತನದ ಬೇಡ ಅರಸರ ರಾಜ್ಯ. ಕಪ್ಪದ ಬಾಕಿ ಏರಿತ್ತು, ಸಾಲಗಾರರು ಬಾಗಲಲ್ಲಿ ನಿಂತಿದ್ದರು, ಅರಮನೆಯಲ್ಲಿ ಒಳಜಗಳವಿತ್ತು. ಸ್ವಲ್ಪ ಕಾಲದಲ್ಲಿ ಅರಸರಾದ ಕೃಷ್ಣಪ್ಪ ನಾಯಕರು ತೀರಿಹೋದರು. ಮಗನಾದ ವೆಂಕಟಪ್ಪ ನಾಯಕನು ಇನ್ನೂ ಚಿಕ್ಕ ಹುಡುಗ. ತಾಯಿ ರಾಣಿ ಈಶ್ವರಮ್ಮನವರಿಗೂ ದಾಯಾದಿಗಳಿಗೂ ಹೊಂದಿಕೆ ಇರಲಿಲ್ಲ. ಇಂಥ ಸ್ಥಿತಿಯಲ್ಲಿ ಆ ಬಾಲಕನ ಪರವಾಗಿ ಸಂಸ್ಥಾನವನ್ನು ನೋಡಿಕೊಳ್ಳುವ ಭಾರವು ಟೇಲರ್ ಸಾಹೇಬರ ಮೇಲೆ ಬಿತ್ತು. ಅವರು 1853ರ ವರೆಗೆ ಅದನ್ನು ಹೊತ್ತರು. ಲೆಕ್ಕಗಳನ್ನು ಸರಿಪಡಿಸಿ, ಸಾಲವನ್ನು ಇಳಿಸಿ, ಕೆರೆಗಳನ್ನು ಕಟ್ಟಿಸಿದರು. ಬೋನಾಳ ಕೆರೆಯನ್ನು ಅವರು ಹಿಗ್ಗಿಸಿದರು. ಅದರ ನೀರಿಗೆ ಈಗಲೂ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಸುರಪುರದ ಗುಡ್ಡದ ಮೇಲೆ ಅವರು ಕಟ್ಟಿಸಿದ ಮನೆಯನ್ನು ಜನರು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ದಖ್ಖಣದ ರೈತರು ಪ್ರೀತಿಯಿಂದ ಅವರಿಗೆ ಮಹಾದೇವ ಬಾಬಾ ಎಂಬ ಹೆಸರನ್ನೂ ಇಟ್ಟರು. ನಾವು ಮನುಷ್ಯರಿಗೆ ದೇವರ ಹೆಸರನ್ನು ಕೊಡುವವರಲ್ಲ; ಆದರೂ ಕಂದಾಯ ಎತ್ತುವ ಒಬ್ಬ ಅಧಿಕಾರಿಗೆ ರೈತನು ಶಾಪ ಹಾಕದೆ ಹರಸಿದನೆಂಬದು ಸಣ್ಣ ಮಾತಲ್ಲ.

ಈ ಕಾಲದಲ್ಲಿಯೇ ಮರಣವು ಅವರ ಸ್ವಂತ ಮನೆಯನ್ನು ಹೊಕ್ಕಿತು. 1844ರಲ್ಲಿ ಮೇರಿಯಮ್ಮನವರು ತೀರಿಕೊಂಡರು. ಮದುವೆಯಾಗಿ ಹನ್ನೆರಡು ವರುಷಗಳು ಮಾತ್ರ ಆಗಿದ್ದವು. ಸಾಹೇಬರು ಮತ್ತೆ ಮದುವೆಯಾಗಲಿಲ್ಲ. ಕೆಲಸವನ್ನು ಬಿಟ್ಟು ಸ್ವದೇಶಕ್ಕೆ ಓಡಿಹೋಗಲೂ ಇಲ್ಲ. ಆ ಕಾಲದಲ್ಲಿ ದಂಡು ಇಳಿದ ಊರುಗಳಲ್ಲೆಲ್ಲಾ ಯುರೋಪಿನವರ ಗೋರಿಗಳು ಹೆಚ್ಚುತ್ತಿದ್ದವು. ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಠಾಣ್ಯವಾಗಿದ್ದ ಲಿಂಗಸುಗೂರಿನಂಥ ಸ್ಥಳಗಳಲ್ಲಿ ಜ್ವರ, ವಾಂತಿಭೇದಿಗಳಿಂದ ಸಿಪಾಯಿಯೂ ಸಾಯುತ್ತಿದ್ದನು, ಅವನ ಅಧಿಕಾರಿಯೂ ಅಧಿಕಾರಿಯ ಕೂಸೂ ಸಾಯುತ್ತಿದ್ದವು. ಅದೇ ಸಮಯದಲ್ಲಿ ಇಂಗ್ಲೆಂಡಿನ ಧನವಂತರು ತಮ್ಮ ಸತ್ತವರಿಗಾಗಿ ದೊಡ್ಡ ದೊಡ್ಡ ಸ್ಮಶಾನತೋಟಗಳನ್ನು ಮಾಡಿಸುತ್ತಿದ್ದರು. ಲಂಡನ್ನಿನಲ್ಲಿ 1833ರಲ್ಲಿ ತೆರೆದ ಕೆನ್ಸಲ್ ಗ್ರೀನ್ ಎಂಬ ಸ್ಮಶಾನದಲ್ಲಿ ಅಮೃತಶಿಲೆಯ ಮಂಟಪಗಳೂ ಕೆತ್ತನೆಯ ಗೊಂಬೆಗಳೂ ಎದ್ದು ನಿಂತವು. ಹೆಸರುಳ್ಳವರ ಗೋರಿಗಳನ್ನು ಲೋಕವು ಹೀಗೆ ಅಲಂಕರಿಸುತ್ತಿದ್ದಾಗ, ಟೇಲರ್ ಸಾಹೇಬರು ಹೆಸರೇ ಇಲ್ಲದವರ ಗೋರಿಗಳ ಕಡೆಗೆ ಮನಸ್ಸಿಟ್ಟರು.

ಸಂಸ್ಥಾನದ ಹಳ್ಳಿಗಳನ್ನು ತಿರುಗುವಾಗ ರಾಜನಕೋಳೂರು, ಶಹಾಪುರದ ಹತ್ತಿರದ ವಿಭೂತಿಹಳ್ಳಿ, ಭೀಮಾತೀರದ ಜೇವರ್ಗಿ ಮೊದಲಾದ ಕಡೆಗಳಲ್ಲಿ ಅವರು ಈ ಕಲ್ಲುಗಳನ್ನು ಕಂಡರು. ವಿಭೂತಿಹಳ್ಳಿಯಲ್ಲಿ ಗುಂಡುಗಳು ಬಿತ್ತಿದ ಸಾಲುಗಳ ಹಾಗೆ ಒಂದರ ಹಿಂದೊಂದು ನಿಂತಿವೆ. ರಾಜನಕೋಳೂರಿನಲ್ಲಿ ಚಪ್ಪಡಿಯ ಮನೆಗಳುಂಟು. ಸಾಹೇಬರು ಕೆಲವು ಗೋರಿಗಳನ್ನು ಮೇಲಿನಿಂದ ಮೆಲ್ಲಗೆ ಬಿಡಿಸಿ, ಮಣ್ಣು ಯಾವ ಯಾವ ಪದರವಾಗಿದೆ, ಕಲ್ಲು ಎಷ್ಟು ಆಳದಲ್ಲಿದೆ, ಮಡಿಕೆಗಳು ಎಲ್ಲಿ ಕೂತಿವೆ, ಎಲುಬುಗಳು ಯಾವ ದಿಕ್ಕಿಗೆ ಇವೆ ಎಂಬದನ್ನೆಲ್ಲಾ ನೋಡಿದರು. ಗೋರಿಯನ್ನು ಹಲಸಿನ ಹಣ್ಣಿನ ಹಾಗೆ ನಡುವೆ ಸೀಳಿದರೆ ಒಳಗೆ ಹೇಗೆ ಕಾಣುವದೋ ಹಾಗೆಯೇ ಕಾಗದದ ಮೇಲೆ ಚಿತ್ರ ಬರೆದರು. ಕೆಲವು ಗೋರಿಗಳಲ್ಲಿ ಎಲುಬುಗಳೂ, ಕೆಲವುಗಳಲ್ಲಿ ಸುಟ್ಟ ಬೂದಿಯೂ, ಅವುಗಳ ಜೊತೆಗೆ ಕಪ್ಪು ಕೆಂಪು ಮಡಿಕೆಗಳೂ ಕಬ್ಬಿಣದ ಆಯುಧಗಳೂ ಸಿಕ್ಕಿದವು. ಹೊನ್ನು ಸಿಕ್ಕಲಿಲ್ಲವೆಂದು ಅವರು ಬೇಸರಪಡಲಿಲ್ಲ; ಯಾಕಂದರೆ ಅವರು ಹುಡುಕಿದ್ದು ಹೊನ್ನನ್ನಲ್ಲ. ಈ ಸಂಗತಿಗಳನ್ನು 1850ರ ಆಚೀಚೆ ಬೊಂಬಾಯಿಯ ಏಷ್ಯಾಟಿಕ್ ಸೊಸಾಯಿಟಿಯ ಪತ್ರಿಕೆಗೂ, ಸ್ವದೇಶಕ್ಕೆ ಹೋದ ಮೇಲೆ 1862ರಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಗೂ ಅವರು ತಿಳಿಯಪಡಿಸಿದರು.

ಅವರ ಊಹೆಗಳೆಲ್ಲಾ ನಿಜವಾದವೆಂದು ಹೇಳಲಾಗದು. ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಇಂಥವೇ ಕಲ್ಲುಗಳಿರುವದನ್ನು ಕಂಡು, ಇವುಗಳನ್ನು ಕಟ್ಟಿದವರೂ ಆ ಕಡೆಯ ಜನಾಂಗದವರೇ ಇರಬೇಕೆಂದು ಅವರು ಎಣಿಸಿದರು. ತಲೆಯ ಎಲುಬು ಬೇರೆಯಾಗಿ ಬಿದ್ದಿರುವದನ್ನು ಕಂಡು, ಇಲ್ಲಿ ನರಬಲಿ ನಡೆದಿರಬೇಕೆಂದು ಯೋಚಿಸಿದರು. ಆಮೇಲಿನ ಪಂಡಿತರು ಹಾಗೆ ಹೇಳುವದಿಲ್ಲ. ದೇಹವನ್ನು ಮೊದಲು ಬೇರೆ ಕಡೆಯಲ್ಲಿ ಇಟ್ಟು, ಅನಂತರ ಎಲುಬುಗಳನ್ನು ಮಾತ್ರ ಕೂಡಿಸಿ ಹೂಳುವ ಪದ್ಧತಿಯೂ ಆ ಜನರಲ್ಲಿ ಇತ್ತೆಂದು ಈಗ ತಿಳಿದುಬಂದಿದೆ. ಕಟ್ಟಿದವರು ಪರದೇಶದಿಂದ ಬಂದವರೆಂಬ ಮಾತನ್ನೂ ಈಗ ಒಪ್ಪುವದಿಲ್ಲ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ವೀಲರ್ ಸಾಹೇಬರೂ, 1954ರಲ್ಲಿ ಮಸ್ಕಿಯಲ್ಲಿ ಥಾಪರ್ ಎಂಬ ವಿದ್ವಾಂಸರೂ ಅಗೆದು ನೋಡಿ, ಇವು ಕಬ್ಬಿಣದ ಕೆಲಸವನ್ನು ಬಲ್ಲ ಜನರ ಗೋರಿಗಳೆಂದು ತೋರಿಸಿದರು. ಕ್ರಿಸ್ತನಿಗಿಂತ ಸುಮಾರು 1200 ವರುಷಗಳ ಹಿಂದಿನಿಂದ ಅನೇಕ ಶತಮಾನಗಳ ವರೆಗೆ ಇಂಥ ಗೋರಿಗಳನ್ನು ಕಟ್ಟುತ್ತಿದ್ದರೆಂದು ಎಣಿಸುತ್ತಾರೆ. ಎಂದರೆ ದಾವೀದನು ಯೆರೂಸಲೇಮಿನಲ್ಲಿ ಆಳುತ್ತಿದ್ದ ಕಾಲದಲ್ಲಿ ನಮ್ಮ ಈ ಕರಿಮಣ್ಣಿನ ಸೀಮೆಯಲ್ಲಿ ಯಾರೋ ತಾಯಂದಿರು ಮಕ್ಕಳನ್ನು ಕಳಕೊಂಡು, ಗೋರಿಯಲ್ಲಿ ಮಡಿಕೆಯನ್ನಿಟ್ಟು ಅತ್ತಿದ್ದರು. ಊಹೆಯಲ್ಲಿ ತಪ್ಪಿದರೂ ಟೇಲರರ ಕಣ್ಣು ತಪ್ಪಲಿಲ್ಲ. ಅವರು ನೂರು ವರುಷಗಳ ಹಿಂದೆ ಬರೆದ ಚಿತ್ರಗಳನ್ನು ಅದೇ ವೀಲರ್ ಸಾಹೇಬರು ತಮ್ಮ ಪುಸ್ತಕದಲ್ಲಿ ಮಾದರಿಯಾಗಿ ಅಚ್ಚುಹಾಕಿಸಿ ಹೊಗಳಿದರು.

ಇನ್ನು ಆ ಬಾಲರಾಜನ ಸಂಗತಿ. 1853ರಲ್ಲಿ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬಂದುದರಿಂದ ಸಂಸ್ಥಾನವನ್ನು ಅವರ ಕೈಗೆ ಒಪ್ಪಿಸಿ ಸಾಹೇಬರು ನಳದುರ್ಗದ ಕಡೆಗೆ ಹೊರಟರು. ಅದೇ ವರುಷ ನಮ್ಮ ರಾಯಚೂರು ದೋಆಬವೂ ನಿಜಾಮರಿಂದ ಇಂಗ್ಲಿಷರ ಕೈಸೇರಿತು. 1857ರಲ್ಲಿ ಉತ್ತರದೇಶದಲ್ಲಿ ದಂಗೆ ಎದ್ದಾಗ ಟೇಲರರನ್ನು ವರ್ಹಾಡಕ್ಕೆ ಕಳುಹಿಸಿದ್ದರು. ಆ ಪ್ರಾಂತವನ್ನು ಅವರು ಶಾಂತವಾಗಿ ಇಟ್ಟುಕೊಂಡರು. ಆದರೆ ಸುರಪುರದ ತರುಣ ಅರಸರು ಇಂಗ್ಲಿಷರಿಗೆ ವಿರೋಧವಾಗಿ ನಿಂತು ಕಾಳಗಕ್ಕೆ ದಂಡು ಕೂಡಿಸಿದರು. 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಸೈನ್ಯವು ಸುರಪುರಕ್ಕೆ ಬಂತು. ಹೋರಾಟದಲ್ಲಿ ಬೇಡ ವೀರರು ಬಿದ್ದರು. ಆ ಕಡೆಯ ನ್ಯೂಬೆರಿ ಎಂಬ ಕ್ಯಾಪ್ಟನನೂ ಬಿದ್ದನು. ಅರಸರು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕರು. ಮರಣದಂಡನೆಯ ತೀರ್ಪಾಯಿತು. ಬಾಲ್ಯದಲ್ಲಿ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದ ಆ ತರುಣನನ್ನು ಟೇಲರ್ ಸಾಹೇಬರು ಸೆರೆಮನೆಯಲ್ಲಿ ಕಂಡರು. ತನ್ನೊಂದಿಗೆ ಸೇರಿದವರ ಹೆಸರುಗಳನ್ನು ಹೇಳೆಂದರೆ ಅರಸರು ಹೇಳಲೊಲ್ಲದೆ, ಬೇರೆಯವರನ್ನು ಹಿಡಿದುಕೊಟ್ಟು ಬದುಕುವದಕ್ಕಿಂತ ಸಾಯುವದೇ ಲೇಸೆಂದು ನಿಂತರು. ಕೊನೆಗೆ ದಂಡನೆಯು ನಾಲ್ಕು ವರುಷದ ಸೆರೆಗೆ ಇಳಿಯಿತು. ಆದರೆ ಸೆರೆಯ ಸ್ಥಳಕ್ಕೆ ಹೋಗುವ ದಾರಿಯಲ್ಲಿಯೇ ಅವರು ಗುಂಡಿನ ಏಟಿನಿಂದ ಪ್ರಾಣಬಿಟ್ಟರು. ಸುರಪುರದ ಜನರು ಅವರನ್ನು ದೇಶಕ್ಕಾಗಿ ಸತ್ತ ಶೂರರೆಂದು ಈ ದಿನದ ವರೆಗೂ ಸ್ಮರಿಸುತ್ತಾರೆ, ಅದು ನ್ಯಾಯವೇ. ಸಾಹೇಬರಿಗಾದರೋ ಅದು ಸಾಕಿದ ಮಗನ ಮರಣವಾಗಿತ್ತು. ತಾನು ಯಾವ ಸರಕಾರಕ್ಕೆ ನೌಕರನಾಗಿದ್ದನೋ ಆ ಸರಕಾರವೇ ತನ್ನ ಮಗನಂತಿದ್ದವನ ರಾಜ್ಯವನ್ನು ತೆಗೆದುಕೊಂಡಿತು. ಆ ರಾಜ್ಯದ ಕಾರಭಾರಕ್ಕೆ ತಿರಿಗಿ ಟೇಲರರನ್ನೇ ನೇಮಿಸಿದರು. ಒಬ್ಬ ಮನುಷ್ಯನ ಎದೆಗೆ ಇದಕ್ಕಿಂತ ಭಾರವಾದ ಕಲ್ಲು ಇನ್ನೇನಿದ್ದೀತು?

1860ರಲ್ಲಿ ದೋಆಬವನ್ನು ನಿಜಾಮರಿಗೆ ಹಿಂದಕ್ಕೆ ಕೊಟ್ಟು, ಸುರಪುರವನ್ನೂ ಅವರಿಗೇ ಸೇರಿಸಿದರು. ದೇಹವು ಕುಗ್ಗಿದ್ದ ಸಾಹೇಬರು ಅದೇ ವರುಷ ಹಿಂದುಸ್ಥಾನವನ್ನು ಬಿಟ್ಟು ಐರ್ಲೆಂಡಿನ ಡಬ್ಲಿನ್ ಪಟ್ಟಣದ ಬಳಿಯಲ್ಲಿ ನೆಲೆಸಿದರು. ಅಲ್ಲಿ ಅವರು ದಖ್ಖಣದ ವಿಷಯವಾಗಿ ಅನೇಕ ಕಥೆಗಳನ್ನೂ ಹಿಂದುಸ್ಥಾನದ ಚರಿತ್ರೆಯನ್ನೂ ಬರೆದರು. 1866ರಲ್ಲಿ ಅಚ್ಚಾದ ವಿಜಾಪುರ, ಧಾರವಾಡ, ಮೈಸೂರು ಸೀಮೆಗಳ ಕಟ್ಟಡಗಳ ಪುಸ್ತಕಗಳಿಗೆ ಅವರ ಬರಹವೂ ಸೇರಿತು. ಅವರ ಕಡೆಯ ಕಥೆಯಲ್ಲಿ ಲಿಂಗಸುಗೂರು ತಾಲೂಕಿನ ಜಲದುರ್ಗವೂ, ಮುದಗಲ್ಲಿನ ಹಳೆಯ ರೋಮನ್ ಕಥೋಲಿಕ ಕ್ರೈಸ್ತರೂ ಬರುತ್ತಾರೆ. 1869ರಲ್ಲಿ ವಿಕ್ಟೋರಿಯಾ ರಾಣಿಯವರ ಸರಕಾರವು ಅವರಿಗೆ ಸ್ಟಾರ್ ಆಫ್ ಇಂಡಿಯಾ ಎಂಬ ಬಿರುದನ್ನು ಕೊಟ್ಟಿತು. 1875ರಲ್ಲಿ ಸಾಲಾರ್ ಜಂಗರ ಆಮಂತ್ರಣದಂತೆ ಹೈದರಾಬಾದನ್ನು ಮತ್ತೊಮ್ಮೆ ನೋಡಲು ಬಂದರು. ಆದರೆ ಜ್ವರ ಹಿಡಿದು ದೃಷ್ಟಿಯೇ ಹೋಯಿತು. ಸ್ವದೇಶಕ್ಕೆ ತಿರಿಗಿ ಹೋಗುವ ಮಾರ್ಗದಲ್ಲಿ ಫ್ರಾನ್ಸ್ ದೇಶದ ಮೆಂಟೋನಿನಲ್ಲಿ 1876ನೇ ಇಸವಿ ಮೇ 13ರಲ್ಲಿ ತಮ್ಮ ಓಟವನ್ನು ಮುಗಿಸಿದರು. ಅವರ ಮಗಳಾದ ಆಲಿಸಮ್ಮನವರು ತಂದೆಯು ಬರೆದಿಟ್ಟ ಆತ್ಮಚರಿತ್ರೆಯನ್ನು 1877ರಲ್ಲಿ ಅಚ್ಚುಹಾಕಿಸಿದರು.

ಲಿಂಗಸುಗೂರಿನ ದಂಡೂ ಈಗ ಇಲ್ಲ. 1903ರಲ್ಲಿ ಕಂಟಿಂಜೆಂಟ್ ಸೈನ್ಯವು ಹಿಂದುಸ್ಥಾನದ ದೊಡ್ಡ ಸೈನ್ಯದಲ್ಲಿ ಲೀನವಾಯಿತು. 1905ರಲ್ಲಿ ಲಿಂಗಸುಗೂರು ಜಿಲ್ಲೆಯೂ ರಾಯಚೂರಿಗೆ ಸೇರಿಹೋಯಿತು. ಆಳಿದವರು ಹೋದರು, ಕಲ್ಲುಗಳು ಉಳಿದವು. ಕಲ್ಲುಗಳು ಏನನ್ನು ಕಾಪಾಡಬಲ್ಲವೆಂಬದಕ್ಕೆ ಮಸ್ಕಿಯೇ ಸಾಕ್ಷಿ. 1915ರಲ್ಲಿ ಬೀಡನ್ ಎಂಬ ಇಂಜಿನಿಯರನು ಚಿನ್ನದ ಅದಿರನ್ನು ಹುಡುಕುತ್ತಾ ಬಂದಾಗ, ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಬರಹವನ್ನು ಕಂಡನು. ಬೇರೆ ಶಾಸನಗಳಲ್ಲಿ ಬಿರುದುಗಳಿಂದ ಮಾತ್ರ ಕಾಣಿಸಿಕೊಂಡಿದ್ದ ಚಕ್ರವರ್ತಿಯ ಹೆಸರು ಅಶೋಕನೆಂಬದು ಆ ಬಂಡೆಯಿಂದಲೇ ಮೊದಲು ಸ್ಥಿರವಾಯಿತು. ಯಾರಾದರೂ ಆ ಬಂಡೆಯನ್ನು ಒಡೆದು ಗೋಡೆಗೆ ಹಾಕಿದ್ದರೆ ಆ ಸಾಕ್ಷಿಯು ನಮಗೆ ದೊರೆಯುತ್ತಿರಲಿಲ್ಲ.

ಸಹೋದರರೇ, ಸಹೋದರಿಯರೇ, ಈ ಚರಿತ್ರೆಯಿಂದ ನಮ್ಮ ಸಭೆಗಳು ಕಲಿಯತಕ್ಕದ್ದೇನು? ಮೊದಲನೆಯದು, ಸತ್ತವರನ್ನು ತಾತ್ಸಾರ ಮಾಡುವದು ವಿಶ್ವಾಸದ ಗುರುತಲ್ಲ. ನಮ್ಮಲ್ಲಿ ಅನೇಕರ ಮುತ್ತಜ್ಜಂದಿರು ಸುವಾರ್ತೆಯನ್ನು ಕೇಳದೆಯೇ ಮಣ್ಣಾದರು. ಊರ ಹೊರಗೆ ತಳ್ಳಲ್ಪಟ್ಟು, ಬಾವಿಯ ನೀರನ್ನು ಮುಟ್ಟಗೊಡಿಸದೆ, ಸತ್ತ ಮೇಲೂ ಊರವರ ಸ್ಮಶಾನದಲ್ಲಿ ಜಾಗವಿಲ್ಲದೆ ಹಳ್ಳದ ದಂಡೆಯಲ್ಲಿ ಹೂಣಲ್ಪಟ್ಟರು. ಅವರ ನ್ಯಾಯವನ್ನು ತೀರಿಸುವವನು ಲೋಕಕ್ಕೆಲ್ಲಾ ನ್ಯಾಯಾಧಿಪತಿಯಾದ ದೇವರೇ. ಆತನು ಅನ್ಯಾಯ ಮಾಡನೆಂಬ ಭರವಸೆ ಅಬ್ರಹಾಮನಿಗೆ ಇತ್ತು, ನಮಗೂ ಇರಲಿ. ಅವರಿಗೆ ಎಡೆ ಇಡುವದನ್ನೂ ಅವರ ಪ್ರೇತಗಳಿಗೆ ಹೆದರುವದನ್ನೂ ನಾವು ಬಿಟ್ಟಿದ್ದೇವೆ; ಒಳ್ಳೇದೇ. ಆದರೆ ಅವರ ನೆನಪನ್ನೂ ಬಿಡಬೇಕೆಂದು ಕರ್ತನು ಯಾರಿಗೂ ಅಪ್ಪಣೆ ಕೊಡಲಿಲ್ಲ. ಪೂಜೆ ಬೇರೆ, ಮರ್ಯಾದೆ ಬೇರೆ.

ಎರಡನೆಯದು, ಸತ್ಯವೇದವು ಗೋರಿಗಳ ವಿಷಯದಲ್ಲಿ ಏನು ತೋರಿಸುತ್ತದೆಂದು ನೋಡಿರಿ. ಅಬ್ರಹಾಮನು ಪರದೇಶಿಯಾಗಿ ಬದುಕಿದರೂ, ಸಾರಳನ್ನು ಹೂಣಿಡುವದಕ್ಕೆ ಮಕ್ಪೇಲದ ಗವಿಯನ್ನು ಹಿತ್ತಿಯನಾದ ಎಫ್ರೋನನಿಂದ ನಾನೂರು ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡನು. ವಾಗ್ದಾನದ ದೇಶದಲ್ಲಿ ಅವನ ಸ್ವಂತವಾದ ಮೊದಲನೇ ಭೂಮಿಯು ಹೊಲವೂ ಮನೆಯೂ ಅಲ್ಲ, ಹೆಂಡತಿಯ ಗೋರಿ. ಯಾಕೋಬನು ರಾಹೇಲಳ ಗೋರಿಯ ಮೇಲೆ ಕಲ್ಲು ನಿಲ್ಲಿಸಿದನು. ಅರಿಮಥಾಯದ ಯೋಸೇಫನು ತನಗಾಗಿ ತೋಡಿಸಿದ್ದ ಹೊಸ ಗೋರಿಯನ್ನು ನಮ್ಮ ಕರ್ತನಿಗೆ ಬಿಟ್ಟುಕೊಟ್ಟನು. ಹೀಗಿರುವಾಗ, ಸಭೆಯ ಸ್ಮಶಾನಕ್ಕೆ ಬೇಲಿಯಿಲ್ಲದೆ ಹಂದಿಗಳು ತಿರುಗುವದನ್ನು ನೋಡಿ ಸುಮ್ಮನಿರುವದು ನಮಗೆ ತಕ್ಕದ್ದಲ್ಲ. ಸ್ಮಶಾನದ ಜಾಗಕ್ಕೆ ಕಾಗದ ಪತ್ರಗಳಿಲ್ಲದೆ ವಿವಾದ ಎದ್ದಾಗ ಹೆಣವನ್ನು ಇಟ್ಟುಕೊಂಡು ಅಂಗಲಾಚುವದಕ್ಕಿಂತ, ಅಬ್ರಹಾಮನ ಹಾಗೆ ಸಾಕ್ಷಿಗಳ ಮುಂದೆ ಹಕ್ಕನ್ನು ಮೊದಲೇ ಸ್ಥಿರಪಡಿಸಿಕೊಳ್ಳುವದು ಜಾಣತನ. ಸಭೆಯ ಹಿರಿಯರು ತಹಶೀಲ್ ಕಚೇರಿಗೆ ಹೋಗಿ ಜಾಗದ ದಾಖಲೆಯನ್ನು ನೋಡಲಿ. ಸತ್ತವರ ಹೆಸರು ತಾರೀಖುಗಳನ್ನು ಸಭೆಯ ಪುಸ್ತಕದಲ್ಲಿ ತಪ್ಪದೆ ಬರೆಯಲಿ. ಕಲ್ಲು ಹಾಕಿಸಲು ಶಕ್ತಿಯಿಲ್ಲದ ವಿಧವೆಗೆ ಆ ಬರಹವೇ ಕಲ್ಲು.

ಮೂರನೆಯದು, ಹಳೆಯ ಗೋರಿಗಳ ಕಲ್ಲುಗಳನ್ನು ಕೀಳಬೇಡಿರಿ, ನಿಧಿಯೆಂದು ಅಗೆಯಬೇಡಿರಿ. ಅಲ್ಲಿ ಮಡಿಕೆ ಎಲುಬುಗಳಲ್ಲದೆ ಬೇರೆ ನಿಧಿಯಿಲ್ಲ. ಸರಕಾರವು ಕಾಪಾಡಿದ ಸ್ಥಳವನ್ನು ಅಗೆಯುವವನು ಕಾನೂನಿನ ಅಪರಾಧಿಯೂ ಆಗುವನು. ಹೊಲ ಉಳುವಾಗ ಇಂಥ ಕಲ್ಲು ಕಂಡರೆ ಗ್ರಾಮದ ಅಧಿಕಾರಿಗೆ ತಿಳಿಸಿರಿ.

ಕಡೆಯದಾಗಿ, ಸತ್ತವರಿಗೆ ಮರ್ಯಾದೆ ಮಾಡುವವನು ಬದುಕಿರುವವರನ್ನು ಮರೆಯಬಾರದು. ಪ್ರವಾದಿಗಳ ಸಮಾಧಿಗಳನ್ನು ಅಲಂಕರಿಸುತ್ತಾ ನ್ಯಾಯವನ್ನು ಬಿಟ್ಟವರನ್ನು ಕರ್ತನು ಗದರಿಸಿದನು. ಟೇಲರ್ ಸಾಹೇಬರು ಗೋರಿಗಳನ್ನು ಅಳೆದ ದಿನಗಳಲ್ಲಿಯೇ ಬದುಕಿದ ರೈತರಿಗಾಗಿ ಕೆರೆಯನ್ನೂ ಕಟ್ಟಿಸಿದರು. ನಮ್ಮ ಸಭೆಗಳಲ್ಲಿಯೂ ಹಾಗೆಯೇ ಆಗಲಿ. ಈ ವರುಷ ಸತ್ತವರ ಮನೆಗಳಿಗೆ ಹೋಗಿರಿ. ತಂದೆಯಿಲ್ಲದ ಮಕ್ಕಳು ಶಾಲೆಗೆ ಹೋಗುತ್ತಾರೋ ವಿಚಾರಿಸಿರಿ. ಮಳೆಗಾಲಕ್ಕೆ ಮುಂಚೆ ಒಂದು ದಿನ ಎಲ್ಲರೂ ಕೂಡಿ ಸ್ಮಶಾನದ ಮುಳ್ಳುಗಳನ್ನು ಕಡಿಯಿರಿ. ಕರ್ತನು ತನ್ನವರನ್ನು ಹೆಸರು ಹಿಡಿದು ಕರೆಯುವ ದಿನದ ವರೆಗೆ ನಾವೂ ಅವರ ಹೆಸರುಗಳನ್ನು ಮರೆಯದಿರೋಣ.